ಒಳಕ್ಕೆ ತಳ್ಳಿದ ಕೈ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಹಸು ಕಪ್ಪುಬಿಳುಪು ಎಂದು ನನ್ನ ನೆನಪು, ಪೂರ್ತಿ ಕಪ್ಪು ಎಂದು ಅಮ್ಮನ ವಾದ. ಆದರೆ ಸೋಪಿನ ವಾಸನೆಯ ಬಗ್ಗೆ ನನಗೆ ಅನುಮಾನವಿಲ್ಲ. ಹೋದ ವಾರ ಹುಣಸೂರಿನ ಹೋಟೆಲೊಂದರಲ್ಲಿ ಕೈ ತೊಳೆಯುವಾಗ ಹಳೇ ಕಾಲದ ಆ ಕೆಂಪು ಸೋಪಿನ ಘಾಟು ಮೂಗಿಗೆ ಬಡಿಯಿತು. ಭುಜದವರೆಗೆ ನೊರೆ ಹಚ್ಚಿಕೊಂಡು ನಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದ ದನದ ಡಾಕ್ಟರಮ್ಮ ಕಣ್ಣೆದುರು ಬಂದರು.

ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಅವರು ಬಂದಾಗ ನಾನು ಒಂಬತ್ತನೇ ತರಗತಿ. ಕೆ.ಆರ್. ನಗರದ ಕಡೆಯವರು, ತೀರ ತೆಳ್ಳಗಿದ್ದರು. ಅವರನ್ನು ಕಂಡ ಮೊದಲ ದಿನವೇ ನನ್ನ ಸೋದರಮಾವ ಕೇಳಿಬಿಟ್ಟಿದ್ದರು: "ಮನುಸ್ರು ಡಾಕ್ಟ್ರು ಸೀಟು ಸಿಗ್ನಿಲ್ವೇನವ್ವ?"

"ಸಿಗ್ತಿತ್ತು ಅಣ್ಣಾ. ನಾನೇ ಕೇಳ್ಲಿಲ್ಲ."

ಮಾವ ನಂಬಲಿಲ್ಲ. ನನ್ನ ತಿಳಿವಳಿಕೆಯೂ ಅಷ್ಟರಲ್ಲೇ ಇತ್ತು. ಹಸು ಕಂಡರೆ ನನಗೆ ಪ್ರಾಣ, ನಾನೂ ನಿಮ್ಮ ಹಾಗೇ ಆಗುತ್ತೇನೆ ಅಂದಿದ್ದೆ. ಅವರು ನಕ್ಕರು. "ಬರೀ ಪ್ರೀತಿ ಇದ್ರೆ ಮನೇಲಿ ಒಂದು ಹಸು ಕಟ್ಕೋ. ಸೈನ್ಸಲ್ಲಿ ಎಷ್ಟು ಬಂತು, ಅದ್ ಹೇಳು." ದನದ ಡಾಕ್ಟರಾಗಲು ಐದೂವರೆ ವರ್ಷ ಓದಬೇಕು ಎಂದು ನನಗೆ ಗೊತ್ತಾದದ್ದು ಅವತ್ತು. ಹಸು, ಕುದುರೆ, ನಾಯಿ, ಕೋಳಿ... ಒಂದೊಂದರ ಒಡಲೂ ಬೇರೆ ಬೇರೆ ಪಾಠವಂತೆ. ಕಾಲೇಜಿನಲ್ಲಿ ಅವರೂ ಗೆಳತಿಯರೂ ಸೇರಿ ಮೂಳೆಗಳನ್ನು ಗೋಣಿಚೀಲಕ್ಕೆ ಹಾಕಿ, ನೋಡದೆ ಮುಟ್ಟಿ, ಯಾವ ಪ್ರಾಣಿಯದು, ಎಡದ್ದೋ ಬಲದ್ದೋ ಎಂದು ಹೇಳುವ ಪಂದ್ಯ ಕಟ್ಟುತ್ತಿದ್ದರಂತೆ.

ಹಾಗೆ ನೋಡದೆ ಮುಟ್ಟಿ ತಿಳಿಯುವುದು ಯಾಕೆ ಬೇಕು ಎಂದು ಗೊತ್ತಾದದ್ದು ನಮ್ಮ ಸೀಮೆಹಸು ಈಯಲಾರದೆ ಮಲಗಿದ ಮಧ್ಯಾಹ್ನ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸಂಸಾರ ನಡೆಸಿದ್ದು ಆ ಒಂದು ಹಸುವಿನ ಹಾಲಿನಿಂದ. ಕರುವಿನ ಮುಂಗಾಲೆರಡೂ ಹೊರಗೆ ಬಂದಿದ್ದವು, ತಲೆ ಬಂದಿರಲಿಲ್ಲ. ಡಾಕ್ಟರಮ್ಮ ಬರುವುದರೊಳಗೆ ಮಾವ ಕಾಲಿಗೆ ಹಗ್ಗ ಕಟ್ಟಿ, ಬೀದಿಯ ನಾಲ್ಕು ಗಂಡಸರನ್ನು ಸೇರಿಸಿ ಎಳೆಸಿದ್ದರು. ನಮ್ಮ ಕಡೆ ಹಾಗೇ. ಡಾಕ್ಟರ್ ಅಂದರೆ ಇನ್ನೂ ಜೋರಾಗಿ ಎಳೆಯುವವರು ಎಂದೇ ಎಲ್ಲರ ಲೆಕ್ಕ.

ಅವರು ಸ್ಕೂಟರ್ ಇಳಿದದ್ದೇ, "ಹಗ್ಗ ಬಿಡಿ!" ಅಂದರು.

ಪಕ್ಕದ ಮನೆಯ ಅಜ್ಜಿ ಗೊಣಗಿದರು. "ಆ ಕೈಯಾಗೆ ಬಳೇನೇ ನಿಲ್ಲಾಕಿಲ್ಲ, ಕರ ಎಳ್ದಾಳಾ ಇವ್ಳು?"

ಡಾಕ್ಟರಮ್ಮ ಗೋಣಿಚೀಲ ಹಾಸಿ ಹಸುವಿನ ಹಿಂದೆ ಬೋರಲು ಮಲಗಿದರು. ಕೈ ಒಳಗಿಟ್ಟು ಕಣ್ಣು ಮುಚ್ಚಿದರು. ಕರುವಿನ ಕತ್ತು ಹಿಂದಕ್ಕೆ ಹೊರಳಿ ಪಕ್ಕೆಗೆ ಅಂಟಿಕೊಂಡಿತ್ತು. ಹಸು ತಿಣುಕಿದಾಗ ಅವರು ತುಟಿ ಕಚ್ಚಿ ಕಾಯುವರು, ಅದು ಉಸಿರು ಬಿಟ್ಟಾಗ ಕರುವನ್ನು ಒಳಕ್ಕೆ ತಳ್ಳುವರು.

"ಅಯ್ಯೋ, ಒಳಿಕ್ ತಳ್ತಾವ್ರಲ್ಲಾ! ಹಸಾನೂ ಕೊಂದ್‌ಬುಡ್ತಾರೆ ಕಣಕ್ಕಾ!" ಮಾವ ಕೂಗಿದರು. ಅಮ್ಮ ಅಳತೊಡಗಿದರು.

"ಅಣ್ಣಾ, ಜಾಗ ಇಲ್ದೆ ಕತ್ತು ತಿರುಗಲ್ಲ. ಜಾಗ ಮಾಡ್ತಿದೀನಿ. ಬಿಸಿನೀರು ತನ್ನಿ."

ಒಂದು ಗಂಟೆ ಆಗಿರಬೇಕು. ನನಗಂತೂ ಇಡೀ ಮಧ್ಯಾಹ್ನ ಅನ್ನಿಸಿತ್ತು... ಕೊನೆಗೆ ಅವರು ಕಣ್ಣು ತೆರೆದರು. "ಮೂತಿ ಸಿಕ್ತು. ಈಗ ಎಳೀರಿ. ಹಸು ತಿಣುಕಿದಾಗ ಮಾತ್ರ, ಕೆಳಮುಖವಾಗಿ. ಇಬ್ರೇ ಸಾಕು."

ಕರು ಹೊರಗೆ ಬಂತು. ಉಸಿರಿರಲಿಲ್ಲ. ಹಸು ಸ್ವಲ್ಪ ಹೊತ್ತಿನ ಮೇಲೆ ಎದ್ದು ನಿಂತು ನೀರು ಕುಡಿಯಿತು. ಅಮ್ಮ ಅದರ ಕತ್ತು ತಬ್ಬಿಕೊಂಡು ನಿಂತುಬಿಟ್ಟರು. ಮಾವ ಸತ್ತ ಕರುವನ್ನೇ ನೋಡುತ್ತಿದ್ದರು. ಡಾಕ್ಟರಮ್ಮ ಸೋಪು ಉಜ್ಜಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, "ಕರು ನಿನ್ನೇನೇ ಹೊಟ್ಟೇಲೇ ಸತ್ತೋಗಿತ್ತು ಅನ್ಸುತ್ತೆ. ಯಾರ ತಪ್ಪೂ ಇಲ್ಲ" ಅಂದರು.

ಆಮೇಲೆ ಅವರಿಗೆ ಎಚ್.ಡಿ. ಕೋಟೆ ಕಡೆಗೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ. ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಕೊನೆಯ ಸಲ ನೋಡಲೂ ಆಗಲಿಲ್ಲ. ಸೈನ್ಸ್ ನನಗೆ ಒಲಿಯಲಿಲ್ಲ, ನಾನು ಚರಿತ್ರೆ ಓದಿದೆ. ಆದರೂ ಯಾರಾದರೂ 'ದನದ ಡಾಕ್ಟ್ರು ತಾನೇ' ಎಂದು ಮೂಗು ಮುರಿದರೆ, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಾವನೂ ಬಿಡುವುದಿಲ್ಲ. ಟೀ ಅಂಗಡಿಯಲ್ಲಿ ಒಬ್ಬನಿಗೆ, "ಐದೂವರೆ ವರ್ಸ ಓದಿದ್ರು ಕಣ್ಲಾ ಆವಮ್ಮ! ನೀನು ಎಸ್ಸೆಲ್ಸಿಗೇ ಮೂರು ಸಲ ಕುಂತೋನು!" ಎಂದು ಗದರಿದ್ದನ್ನು ನಾನೇ ಕೇಳಿದ್ದೇನೆ.

ಒಂದು ವಿಷಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ಮಾವ ಹಗ್ಗದ ಗಂಟು ಬಿಗಿಯುವಾಗ ಆ ಪುಟ್ಟ ಗೊರಸು ಒಮ್ಮೆ ಅಲುಗಿದ್ದನ್ನು ನಾನು ನೋಡಿದೆನೇ? ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದೇ? ಅಲುಗಿದ್ದು ನಿಜವಾದರೆ, ಡಾಕ್ಟರಮ್ಮ ಅವತ್ತು ಹಾಗೆ ಹೇಳಿದ್ದು ಮಾವನ ಮನಸ್ಸು ನೋಯದಿರಲಿ ಎಂದೇ... ಮೊನ್ನೆ ಭಾನುವಾರ ಜಗಲಿಯ ಮೇಲೆ ಮಾವನ ಪಕ್ಕ ಕೂತು ಕೇಳಿಯೇಬಿಟ್ಟೆ. ಅವರು ಎದ್ದು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಮಾವಾ, ನೀವು ಹಗ್ಗ ಕಟ್ಟುವಾಗ ಕರು ಕಾಲು ಹಿಂದಕ್ಕೆ ಎಳ್ಕೊಂಡಿತ್ತಾ?"