ಕುಂಕುಮದ ಹಿಂದಿನ ದೀಪ

ಹೊಸ ಕಾರಿನೊಳಗೆ ಒಂದು ವಾಸನೆ ಇರುತ್ತದಲ್ಲ, ಸೀಟಿನ ಪ್ಲಾಸ್ಟಿಕ್ ಹೊದಿಕೆಯದು? ಇವತ್ತು ಬೆಳಿಗ್ಗೆ ಅದು ಚೆಂಡುಹೂವು, ಊದಿನಕಡ್ಡಿಗಳ ಜತೆ ಸೇರಿ ನಮ್ಮ ಅಂಗಳದವರೆಗೂ ಬಂತು. ಚಿದ್ರಿಯಲ್ಲಿ ನಮ್ಮ ಎದುರು ಮನೆಯ ಮಾಸ್ತರರು ಸಣ್ಣ ಕಾರು ತಂದಿದ್ದರು. ನನ್ನ ಬಳಿ ಇರುವಂಥದ್ದೇ, ಅದೇ ಕಂಪನಿಯದು. ನನಗೆ ಖುಷಿಗಿಂತ ಆಶ್ಚರ್ಯ ಹೆಚ್ಚಾಯಿತು. ಎರಡು ವರ್ಷದ ಹಿಂದೆ ಅವರು ಇದೇ ಕಾರಿಗೆ ಮುಂಗಡ ಕೊಟ್ಟು, ಆಮೇಲೆ ರದ್ದು ಮಾಡಿಸಿದ್ದರು. ಅದಕ್ಕೆ ಕಾರಣ ನಾನು.

ಈ ಕತೆಯನ್ನು ನಮ್ಮ ಕಾಕುವಿನಿಂದಲೇ ಶುರು ಮಾಡಬೇಕು. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ; ನಮ್ಮೊಂದಿಗೇ ಇರುತ್ತಾರೆ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಔರಾದಿನಲ್ಲಿರುವ ತಮ್ಮ ಅಕ್ಕನ ಮುಖ ಅವರು ವರ್ಷಗಟ್ಟಲೆ ನೋಡಿರಲಿಲ್ಲ. ಹಾಗಾಗಿ ನಾನು ಕಾರು ಕೊಂಡಾಗ ನನಗಿಂತ ಹೆಚ್ಚು ಹಿಗ್ಗಿದವರು ಅವರೇ. ಎಣ್ಣೆಯಲ್ಲಿ ಕುಂಕುಮ ಕಲಸಿ ಬಾನೆಟ್ಟಿಗೆ, ನಾಲ್ಕು ಗಾಲಿಗೆ, ಸ್ಟಿಯರಿಂಗಿಗೆ, ಕೊನೆಗೆ ಮೀಟರಿನ ಗಾಜಿಗೂ ದೊಡ್ಡದೊಂದು ಬೊಟ್ಟು ಇಟ್ಟರು.

“ಇದನ್ನ ಒರಸಬ್ಯಾಡ ತಮ್ಮಾ. ಗಾಡಿ ಕಣ್ಣು ಇದು,” ಎಂದರು.

ಒರೆಸಲಿಲ್ಲ. ಪ್ರತಿ ದಸರೆಗೆ ಅದರ ಮೇಲೆಯೇ ಇನ್ನೊಂದು ಬೊಟ್ಟು ಕೂತು ಗೋಡೆಯ ಗಿಲಾವಿನಷ್ಟು ದಪ್ಪವಾಯಿತು. ನಾನು ವೃತ್ತಿಯಿಂದ ವರದಿಗಾರ. ಅಪಘಾತದ ಜಾಗದಲ್ಲಿ ಬಿದ್ದ ಚಪ್ಪಲಿ ಎಡಗಾಲಿನದೋ ಬಲಗಾಲಿನದೋ ಎಂದು ಬರೆದುಕೊಳ್ಳುವವನು. ಆ ಬೊಟ್ಟಿನ ಹಿಂದೆ ಏನಿದೆ ಎಂದು ಮಾತ್ರ ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಮೂರು ವರ್ಷ ಕಾರು ಚೆನ್ನಾಗಿಯೇ ಓಡಿತು. ಒಮ್ಮೆ ಸುದ್ದಿಗೆಂದು ಖಟಕ ಚಿಂಚೋಳಿಗೆ ಹೋದಾಗ ತಳಕ್ಕೆ ಕಲ್ಲೊಂದು ಠಣ್ಣೆಂದು ಬಡಿಯಿತು. ಬಗ್ಗಿ ನೋಡಿದರೆ ಇಸ್ತ್ರಿ ಮಾಡಿದ ಪ್ಯಾಂಟಿನ ಗತಿಯೇನೆಂದು ನೋಡದೆ ಬಂದೆ. ಅದಾದ ವಾರಕ್ಕೆ ಕಾಕುವನ್ನು ಕೂರಿಸಿಕೊಂಡು, ಭಾಲ್ಕಿಯಲ್ಲೊಂದು ಸಭೆ ಮುಗಿಸಿ ಔರಾದಿನ ದಾರಿ ಹಿಡಿದೆ. ಕಾಕುವಿನ ಮಡಿಲಲ್ಲಿ ಅಕ್ಕನಿಗಾಗಿ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ. ಊರು ಇನ್ನೇನು ಕಾಣಬೇಕು, ಎಂಜಿನ್ನಿನೊಳಗೆ ಯಾರೋ ಸುತ್ತಿಗೆ ಬಡಿದಂತಾಯಿತು. ಕಾರು ನಿಂತಿತು. ಟ್ರ್ಯಾಕ್ಟರ್ ಒಂದು ನಮ್ಮನ್ನು ಗ್ಯಾರೇಜಿನವರೆಗೆ ಎಳೆದು ತಂದಿತು. ಕಾಕು ಡಬ್ಬಿ ಬಿಗಿಯಾಗಿ ಹಿಡಿದು, ಮೆರವಣಿಗೆಯಲ್ಲಿ ಕೂತವರಂತೆ ನೆಟ್ಟಗೆ ಕೂತಿದ್ದರು.

ಗ್ಯಾರೇಜಿನ ಮಿಸ್ತ್ರಿ ನಡುವಯಸ್ಸಿನವರು, ಮಾತು ಕಡಿಮೆ. ಕಾರಿನ ಕೆಳಗೆ ನುಸುಳಿ ಹೊರಬಂದರು.

“ತಳ ಸೀಳ್ಯದರಿ. ಆಯಿಲ್ ಒಂದು ಹನಿನೂ ಉಳಿದಿಲ್ಲ. ಎಂಜಿನ್ ಜಾಮ್ ಆಗ್ಯದ. ಆಯಿಲ್ದು ಕೆಂಪು ದೀಪ ಹತ್ತಿದ್ದಿಲ್ಲೇನ್ರಿ ಸಾಹೇಬ್ರ?”

“ಹತ್ತಿರಲಿಲ್ಲ,” ಎಂದೆ. ಸಾಕ್ಷಿ ಹೇಳುವವನ ಖಾತ್ರಿಯಿಂದ.

ಅವರು ಒಳಗೆ ಕೂತು ಕೀಲಿ ತಿರುವಿದರು. ಮೀಟರಿನತ್ತ ಒಂದು ಕ್ಷಣ ನೋಡಿದರು. ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಅರಿವೆಯನ್ನು ಡೀಸೆಲ್ಲಿನಲ್ಲಿ ಅದ್ದಿ ಗಾಜು ಉಜ್ಜಿದರು. ಮೂರು ದಸರೆಯ ಕುಂಕುಮ ಅರಿವೆಗೆ ಬಂತು. ಅದರ ಹಿಂದೆ, ಕುಂಕುಮದಷ್ಟೇ ಕೆಂಪಾದ ಪುಟ್ಟ ದೀಪ ಉರಿಯುತ್ತಿತ್ತು.

ಹೊರಗೆ ಬೇವಿನ ನೆರಳಿನಲ್ಲಿ ಕಾಕು ಚಹಾ ಕುಡಿಯುತ್ತಿದ್ದರು. ಏನಾಯಿತೆಂದು ಕೇಳಿದರು. ನಿಜ ಹೇಳಿದರೆ ಅವರು ಮತ್ತೆ ಈ ಕಾರು ಹತ್ತುವುದಿಲ್ಲ, ಕಾರು ಹತ್ತದಿದ್ದರೆ ಅಕ್ಕನ ಮನೆ ಇಲ್ಲ ಎನ್ನುವುದು ನನಗೆ ಗೊತ್ತಿತ್ತು.

“ಎಂಜಿನ್ನೇ ಕಳಪೆ ಮಾಲು, ಕಾಕು. ಕಂಪನಿಯವರದು ತಪ್ಪು,” ಎಂದೆ. ಮಿಸ್ತ್ರಿ ಕೆಂಪಾದ ಅರಿವೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಒಳಗೆ ಹೋದರು.

ಮನೆಗೆ ಮರಳಿ, ಕೇಳಿದವರಿಗೂ ಅದನ್ನೇ ಹೇಳಿದೆ. ಸುದ್ದಿಯ ಗುಣ ನಿಮಗೆ ಗೊತ್ತೇ ಇದೆ. ನಾನು ಎರಡು ಕಡೆ ವಿಚಾರಿಸಿ ಬರೆದ ವರದಿಗಳನ್ನು ಓಣಿಯಲ್ಲಿ ಯಾರೂ ಓದಿದ ನೆನಪಿಲ್ಲ; ಈ ಒಂದು ಸುಳ್ಳು ಸಂಜೆಯೊಳಗೆ ಮನೆಮನೆ ಮುಟ್ಟಿತು. ಮಾಸ್ತರರು ಬುಕಿಂಗ್ ರದ್ದು ಮಾಡಿಸಿ, ಸಮಯಕ್ಕೆ ಎಚ್ಚರಿಸಿದ್ದಕ್ಕೆ ನನಗೆ ಪೇಢೆ ಬೇರೆ ಕೊಟ್ಟರು. ತಿಂದೆ. ಪತ್ರಿಕೆಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುವ ನಾನು ಎರಡು ವರ್ಷ ಈ ತಿದ್ದುಪಡಿ ಹಾಕಲಿಲ್ಲ. ಎಂಜಿನ್ ಬಿಚ್ಚಿಸಿ ಮತ್ತೆ ಕಟ್ಟಿಸಿದೆ, ಕಾಕುವನ್ನು ಔರಾದಿಗೆ ಕರೆದೊಯ್ಯುತ್ತಲೇ ಇದ್ದೆ. ನಂತರದ ದಸರೆಗಳಲ್ಲಿ ಕಾಕು ಮೀಟರಿನ ಗಾಜಿಗೆ ಕುಂಕುಮ ಇಡಲಿಲ್ಲ. ಅದನ್ನೂ ನಾನು ಗಮನಿಸಲಿಲ್ಲ.

ಇವತ್ತು ರಸ್ತೆ ದಾಟಿ ಹೋಗಿ, ಮನಸ್ಸು ಹೇಗೆ ಬದಲಾಯಿತೆಂದು ಮಾಸ್ತರರನ್ನು ಕೇಳಿದೆ. ಅವರು ನಕ್ಕು ಕಾಕುವಿನತ್ತ ಕೈ ತೋರಿಸಿದರು. ಕುಂಕುಮದ ಬಟ್ಟಲು ಹಿಡಿದು ಕಾರಿನ ಪಕ್ಕದಲ್ಲೇ ಇದ್ದರು ಕಾಕು.

“ಆ ಮಿಸ್ತ್ರಿ ಕೈಯಾಗಿನ ಅರಿವಿ ನಾ ಅವತ್ತೇ ನೋಡೀನಿ. ನನ್ನ ಸಲುವಾಗಿ ಸುಳ್ಳು ಹೇಳ್ಲಿಕತ್ತೀ ಅಂತ ಸುಮ್ಮನಿದ್ದೆ,” ಎಂದರು. “ಮಾಸ್ತರು ಮತ್ತ ಕಾರಿನ ಮಾತು ತಗದಾಗ ಹೇಳಿಬಿಟ್ಟೆ. ಗಾಡಿದೇನೂ ತಪ್ಪಿಲ್ಲರಿ, ಕುಂಕುಮ ನಂದು, ಕಣ್ಣು ಅವಂದು ಅಂತ.”

ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ತಿಯಾಗಿ ನಾನು ಯಾವತ್ತೂ ಒಂದು ತಿದ್ದುಪಡಿ ಬರೆದಿಲ್ಲ.

ಕಾಕು ಬಾನೆಟ್ಟಿಗೆ, ಗಾಲಿಗಳಿಗೆ ಕುಂಕುಮ ಇಟ್ಟರು. ಮೀಟರಿನ ಗಾಜಿನ ಬಳಿ ಬಂದ ಬೆರಳು ಹಿಂದೆ ಸರಿಯಿತು. “ನೀ ಒಳಗ ಕೂಡು ತಮ್ಮಾ. ದೀಪ ಎಲ್ಲಾ ಕಾಣ್ತಾವೇನು ನೋಡು.”

ಕೂತು ಕೀಲಿ ತಿರುವಿದೆ. ಬಲಗಡೆಯ ಮೂಲೆಯಲ್ಲಿ ಆ ಪುಟ್ಟ ಕೆಂಪು ದೀಪ ಹತ್ತಿತು. ಎಂಜಿನ್ ಶುರುವಾದೊಡನೆ ಆರಿತು. ಇದು ಆರುವುದನ್ನು ನಾನು ಗಮನವಿಟ್ಟು ನೋಡಿದ್ದು ಇದೇ ಮೊದಲು.

“ಕಾಣ್ತಾವ ಕಾಕು,” ಎಂದೆ.