ಎರಡು ದಿನ ಡ್ರಾಯರಿನಲ್ಲಿದ್ದ ಪಾಸ್‌ಪೋರ್ಟ್

ಯಾಗೋದಾಳ ರಜೆಗೆ ಶನಿವಾರ ಬೆಳಿಗ್ಗೆಯೇ ಸಹಿ ಬಿದ್ದಿತ್ತು. ಆಗಿಲ್ಲವೆಂದು ಸುಳ್ಳು ಹೇಳಿ ಅವಳ ಪಾಸ್‌ಪೋರ್ಟನ್ನು ಸೋಮವಾರದವರೆಗೆ ಬೀಗ ಹಾಕಿಟ್ಟವನು ನಾನು — ಒಂದು ಕಥೆಯ ಕೊನೆ ಕೇಳುವುದಕ್ಕಾಗಿ. ಇದನ್ನು ಹೆಂಡತಿಗೂ ಹೇಳಿಲ್ಲ.

ಮಸ್ಕತ್ತಿನ ಘಾಲಾದಲ್ಲಿ ನಮ್ಮ ಆಫೀಸು. ಕಫೀಲ್‌ನ, ಅಂದರೆ ನಮಗೆ ವೀಸಾ ಕೊಡಿಸಿದ ಅರಬ್ ಮಾಲೀಕನ, ಪರವಾಗಿ ನೌಕರರ ಪಾಸ್‌ಪೋರ್ಟುಗಳೆಲ್ಲ ನನ್ನ ಸುಪರ್ದಿನಲ್ಲಿರುತ್ತಿದ್ದವು. ಯಾಗೋದಾ ಕಂಪನಿಯ ಕ್ಲಿನಿಕ್ಕಿನ ನರ್ಸು, ಕ್ರೊಯೇಷಿಯಾದವಳು. ಊಟದ ಬಿಡುವಿನಲ್ಲಿ ತನ್ನ ಊರಿನ ವಿಲಾಗಳ ಕಥೆ ಹೇಳುತ್ತಿದ್ದಳು — ಬೆಟ್ಟದ ಯಕ್ಷಿಯರು, ಹಿಮ್ಮಡಿ ಮುಟ್ಟುವ ಕೂದಲು, ಬಿಳಿ ಉಡುಪಿನಡಿ ಆಡಿನ ಗೊರಸು. "ನಮ್ಮ ಹಳೆಯ ಕವಿಗಳು ವಿಲಾಳನ್ನು ಕರೆದೇ ಬರೆಯಲು ಕೂರುತ್ತಿದ್ದರು. ನೀವು ಯಾರನ್ನು ಕರೆಯುತ್ತೀರಿ?" ಎಂದು ಕೇಳಿದ್ದಳು. "ನಿಮ್ಮನ್ನೇ, ಸಿಸ್ಟರ್" ಎಂದು ನಕ್ಕಿದ್ದೆ. ನಿಜವೂ ಅದೇ. ಅವಳ ಕಥೆಗಳನ್ನು ಕನ್ನಡದಲ್ಲಿ ಬರೆದು ಮಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದೆ. ಓದುಗರ ಕಾಗದ ಬರತೊಡಗಿದ ಮೇಲೆ ತಲೆ ನಿಲ್ಲಲಿಲ್ಲ ನನಗೆ.

ತೊಂಬತ್ತೊಂದರಲ್ಲಿ ಅವಳ ದೇಶದಲ್ಲಿ ಯುದ್ಧ ಶುರುವಾಯಿತು. ಆಗ ಅವಳು ಹೇಳುತ್ತಿದ್ದದ್ದು ವಿಲಾಳ ರೆಕ್ಕೆ ಕದ್ದು ಬಚ್ಚಿಟ್ಟು ಅವಳನ್ನೇ ಮದುವೆಯಾದ ಕುರುಬನ ಕಥೆ. ಅದರ ಅರ್ಧ ಭಾಗ ಪತ್ರಿಕೆಯಲ್ಲಿ ಬಂದಾಗಿತ್ತು. ಉಳಿದರ್ಧ ಕೇಳುವ ಮೊದಲೇ, ಆ ಶನಿವಾರ, ನನ್ನ ಮೇಜಿನ ಮುಂದೆ ನಿಂತಳು.

"ಅಮ್ಮ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಬಸ್ಸು ಇನ್ನೂ ಓಡುತ್ತಿದೆಯಂತೆ. ಹೋಗಿ ಕರೆದುಕೊಂಡು ಬರಬೇಕು."

ಪಾಸ್‌ಪೋರ್ಟು ನನ್ನ ಮೊಣಕಾಲಿನ ಹತ್ತಿರದ ಡ್ರಾಯರಿನಲ್ಲೇ ಇತ್ತು. ಕೊಟ್ಟರೆ ಓಡುತ್ತಾಳೆ, ಕಥೆ... ಅಮ್ಮನಿಗಾಗಿ ಕಂಗಾಲಾದವಳ ಹತ್ತಿರ ಕಥೆ ಕೇಳಲು ನಾಚಿಕೆಯಾಯಿತು. ಸುಳ್ಳು ಹೇಳಲು ಮಾತ್ರ ನಾಚಿಕೆಯಾಗಲಿಲ್ಲ ನೋಡಿ!

"ಸಾಹೇಬರ ಸಹಿ ಆಗಿಲ್ಲ ಸಿಸ್ಟರ್. ಸೋಮವಾರ ಬನ್ನಿ."

ಮನೆಯಲ್ಲಿ ಹೆಂಡತಿ ಲಿಲ್ಲಿ ಎರಡು ದಿನವೂ ಕೇಳಿದಳು: "ಎಂತ ಮಾರಾಯ್ರೇ, ಆ ಸಿಸ್ಟರಿಗೆ ಪಾಸ್‌ಪೋರ್ಟ್ ಸಿಕ್ಕಿತಾ?" ಇಲ್ಲ ಎಂದೆ. ಅವಳು ಯಾಗೋದಾಳಿಗಾಗಿ ಜಪಮಾಲೆ ಹಿಡಿದು ಕೂತಳು.

ಸೋಮವಾರ ಯಾಗೋದಾ ಬಂದು ಗಡಿಯಾರ ನೋಡುತ್ತ ಕೂತಳು. "ಈಗ ಆಗುತ್ತದೆ. ಅಷ್ಟರಲ್ಲಿ ಆ ಕಥೆ..." ಎಂದೆ. ಹೇಳಿದಳು, ಪಾಪ — ಮಾತಿನ ನಡುವೆ ನಾಲ್ಕು ಸಲ ಸಾಹೇಬರ ಬಾಗಿಲು ನೋಡಿ. ಮದುವೆಮನೆಯಲ್ಲಿ ಎಲ್ಲರೂ ಕುಣಿಯುತ್ತಿದ್ದಾಗ ವಿಲಾ ಗಂಡನನ್ನು ಬೇಡುತ್ತಾಳೆ, ಒಮ್ಮೆ ರೆಕ್ಕೆ ಕೊಡು, ಕುಣಿದು ತೋರಿಸುತ್ತೇನೆ ಎಂದು. ಕೊಡುತ್ತಾನೆ. ಒಂದು ಸುತ್ತು ಕುಣಿದು ಹಾರಿಹೋಗುತ್ತಾಳೆ. ಕೇಳುವಾಗಲೇ ಆ ಕುರುಬ ಯಾರೆಂದು ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ — "ಮಕ್ಕಳಿದ್ದರಾ?" ಎಂದು ಕೇಳಿದೆ. ಥೂ, ನನ್ನ ಜನ್ಮಕ್ಕೆ.

ಆಮೇಲೆ ಪಾಸ್‌ಪೋರ್ಟನ್ನು ಫೈಲಿನೊಳಗೆ ಸೇರಿಸಿಕೊಂಡು ಹೊರಗೆ ಹೋದೆ. ನೀರಿನ ಕೂಲರಿನ ಹತ್ತಿರ ಎರಡು ನಿಮಿಷ ನಿಂತು ವಾಪಸು ಬಂದೆ. "ಖಲಾಸ್, ಆಯಿತು" ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

ಕಥೆ ಅಚ್ಚಾಯಿತು. ತುಂಬಾ ಮೆಚ್ಚಿಕೊಂಡಿರಿ, ಓದುಗರಾದ ನೀವೆಲ್ಲ.

ತೊಂಬತ್ತೈದರಲ್ಲಿ ಅವಳ ಕಾಗದ ಬಂತು. ಅವಳು ಪೇಟೆ ತಲುಪಿದ್ದು ಆ ವಾರದ ಗುರುವಾರ. ಹಳ್ಳಿಗೆ ಕೊನೆಯ ಬಸ್ಸು ಹೋಗಿದ್ದು ಬುಧವಾರ. ಮತ್ತೆ ದಾರಿ ತೆರೆಯಲು ನಾಲ್ಕು ವರ್ಷ. ಅಮ್ಮನನ್ನು ಮಣ್ಣು ಮಾಡಿದವರು ಯಾರು, ಎಲ್ಲಿ — ಇನ್ನೂ ಹುಡುಕುತ್ತಿದ್ದಾಳೆ. ಕೊನೆಗೆ ಬರೆದಿದ್ದಳು: "ನೀವು ಸಾಹೇಬರ ಬೆನ್ನು ಬಿದ್ದು ಸಹಿ ಮಾಡಿಸಿಕೊಟ್ಟಿರಿ. ಆ ಉಪಕಾರ ಮರೆಯಲಾರೆ."

ಆ ಕಾಗದಕ್ಕೆ ಈವರೆಗೆ ಉತ್ತರ ಬರೆದಿರಲಿಲ್ಲ. ಇಂದು ಬರೆದೆ. ಶನಿವಾರ ಏನಾಯಿತು, ಸೋಮವಾರ ಏನು ಮಾಡಿದೆ, ಎಲ್ಲವನ್ನೂ. ಕ್ಷಮಿಸಿ ಎಂದು ಮಾತ್ರ ಬರೆಯಲಿಲ್ಲ — ಅದನ್ನು ಕೇಳಿದರೆ ಅವಳಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ. ನನಗೆ ಹೇಳಿದ ಉಪಕಾರದ ಮಾತನ್ನು ದಯವಿಟ್ಟು ಹಿಂದೆ ತೆಗೆದುಕೊಳ್ಳಿ ಎಂದಷ್ಟೇ ಬರೆದಿದ್ದೇನೆ.