ತಾತನ ಎಡೆಗಿಟ್ಟ ಇಂಗ್ಲಿಷ್ ನೋಟ್‌ಬುಕ್

ಸ್ನೇಹಿತರೇ, ಇವತ್ತು ಕಿಕ್ಕೇರಿಯಲ್ಲಿ ನಮ್ಮ ತಾತನ ತಿಥಿ. ಎಡೆಗೆ ಚಿಕ್ಕಪ್ಪ ಬೀಡಿ, ಬ್ರಾಂದಿ ಇಟ್ಟರು. ಅಜ್ಜಿ ನನ್ನ ಇಂಗ್ಲಿಷ್ ಪರೀಕ್ಷೆಯ ಪದಗಳ ನೋಟ್‌ಬುಕ್ ತಂದು ಪಕ್ಕದಲ್ಲಿಟ್ಟಳು.

“ಎಡೆಗೆ ಪುಸ್ತಕ ಇಕ್ತಾರೇನವ್ವ?” ಚಿಕ್ಕಪ್ಪ ರೇಗಿದರು.

“ಬ್ರಾಂದಿ ಬುಟ್ಟು ಮೂರು ವರ್ಸ ಆಗಿತ್ತು ಕಣ್ಲಾ. ಇವ್ಳ ಪಾಠ ಒಪ್ಪಿಸ್ಕಳ್ದೆ ಒಂದಿನಾನೂ ಉಂಡೋರಲ್ಲ” ಅಂದಳು ಅಜ್ಜಿ.

ನಿಜ. ತಾತನಿಗೆ ಎಬಿಸಿಡಿಯೂ ಬರುತ್ತಿರಲಿಲ್ಲ. ಆದರೂ ನೋಟ್‌ಬುಕ್ ಹಿಡಿದು ಕೂರುತ್ತಿದ್ದ. ನಾನು ತಡವರಿಸಿದರೆ ಸಾಕು, ತಪ್ಪೆಂದು ಕೆಮ್ಮುತ್ತಿದ್ದ.

ತಾತ ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. “ಒಪ್ಪಿಸವ್ವ” ಅಂದಳು ಅಜ್ಜಿ. ಒಪ್ಪಿಸಿದೆ. ಹನ್ನೆರಡನೇ ಪದಕ್ಕೆ ತಡವರಿಸಿದೆ. ಒಳಗೆ ಯಾರೂ ಕೆಮ್ಮಲಿಲ್ಲ.

ಸೋಮವಾರ ಪರೀಕ್ಷೆ. ಅಲ್ಲಿ ತಪ್ಪಿದರೆ ಕೆಮ್ಮುವವರಿಲ್ಲ, ಅಂಕ ಕಳೆಯುವವರಷ್ಟೇ.